ಎದೆ ಡವಗುಟ್ಟಿದಾಗ ಬಾಗಿಲು ಹಾಕಿಕೊಳ್ಳಬೇಡಿ

(ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರ ತರಬೇತಿಯಲ್ಲಿ ಸಿಸ್ಟರ್ ಒಬ್ಬರು ಆಡಿದ ಮಾತುಗಳು)



ಉಳಿತಾಯ, ಸಾಲ, ಲೆಕ್ಕಪತ್ರದ ಬಗ್ಗೆ ನಾವು ಇಲ್ಲಿ ಎಷ್ಟೋ ಸಲ ಮಾತಾಡಿದ್ದೇವೆ. ಠರಾವು ಪುಸ್ತಕದಲ್ಲಿ ಯಾರೂ ಬರೆಯದ ಒಂದು ವಿಷಯವಿದೆ. ಅದು ಭಯ. ಇವತ್ತು ಅದರ ಬಗ್ಗೆ ಮಾತಾಡೋಣ.

ಮೊದಲು ನಮ್ಮದೇ ತಪ್ಪು ಹೇಳಿಕೊಳ್ತೇವೆ. ಕೆಲವು ವರ್ಷಗಳ ಹಿಂದೆ ನಮ್ಮ ಒಂದು ಸಂಘದ ಸದಸ್ಯೆ ಸಭೆಗೆ ಬರೋದು ನಿಲ್ಲಿಸಿದರು. ಮೂರು ಕಂತು ಬಾಕಿ. ಗುತ್ತಿಗೆ ಜಮೀನಿನಲ್ಲಿ ಹಾಕಿದ್ದ ಶುಂಠಿ ಕೊಳೆತು ಹೋಗಿತ್ತು. ಹೊರಗಿನ ಎರಡು ಕಡೆ ಸಾಲ ಮಾಡಿದ್ದು ನಮಗೆ ಗೊತ್ತೇ ಇರಲಿಲ್ಲ. ಪ್ರೇರಕಿ, ಪ್ರತಿನಿಧಿ, ಸದಸ್ಯೆಯರ ಜೊತೆ ನಾವೂ ಹೋಗಿ ಅವರ ಅಂಗಳದಲ್ಲಿ ಕೂತೆವು. "ದುಡ್ಡು ಕೊಡೋ ತನಕ ಏಳೋದಿಲ್ಲ" ಅಂತ ಯಾರೋ ಅಂದರು. ನಾವು ಬೇಡ ಅನ್ನಲಿಲ್ಲ.

ಆ ತಾಯಿ ಹೊರಗೆ ಬಂದವರು ಬಾಗಿಲು ಹಿಡಿದುಕೊಂಡೇ ಕುಸಿದರು. ಮೈಯೆಲ್ಲ ಬೆವರು, ಕೈ ನಡುಕ, ಉಸಿರು ಸಿಗ್ತಿಲ್ಲ. "ಸಿಸ್ಟರ್, ನಾನು ಸತ್ತೇ ಹೋಗ್ತೀನಿ" ಅಂದರು. "ನಾಟಕ" ಅಂತ ಹಿಂದಿನಿಂದ ಒಂದು ಮಾತು ಬಂತು. ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಇಸಿಜಿ ಮಾಡಿದರು. ಹೃದಯ ಸರಿಯಾಗಿತ್ತು. ಡಾಕ್ಟರು ಪ್ಯಾನಿಕ್ ಅಟ್ಯಾಕ್ ಅಂದರು. ಎರಡು ತಿಂಗಳಿಂದ ಬೈಕ್ ಸದ್ದು ಕೇಳಿದರೆ ಸಾಕು, ಎದೆ ಹೊಡೆದುಕೊಳ್ತಿತ್ತಂತೆ. ರಾತ್ರಿ ನಿದ್ದೆ ಇಲ್ಲ. ಯಾರ ಹತ್ತಿರವೂ ಹೇಳಿರಲಿಲ್ಲ. ಸಮಾಜಕಾರ್ಯ ಓದಿದವರು ನಾವು. ಪುಸ್ತಕದಲ್ಲಿ ಓದಿದ್ದು ಆ ಅಂಗಳದಲ್ಲಿ ನೆನಪಾಗಲಿಲ್ಲ.

ಅದು ನಾಟಕ ಅಲ್ಲ ಸಹೋದರಿಯರೇ, ದೆವ್ವದ ಕಾಟವೂ ಅಲ್ಲ. ಹಾವು ಕಂಡಾಗ ನಾವು ಯೋಚಿಸುವ ಮೊದಲೇ ಕಾಲು ಹಿಂದಕ್ಕೆ ಹಾರುತ್ತದೆ. ದೇಹ ಅಡ್ರಿನಲಿನ್ ಎಂಬ ರಸ ಬಿಟ್ಟು ಎದೆಬಡಿತ, ಉಸಿರು ಎರಡನ್ನೂ ಜೋರು ಮಾಡುತ್ತದೆ. ಅದು ನಮ್ಮನ್ನು ಉಳಿಸಲಿಕ್ಕೆ ಇರುವ ವ್ಯವಸ್ಥೆ. ಚಿಂತೆ ಬಹಳ ದಿನ ಒಳಗೇ ಉಳಿದರೆ ಹಾವು ಇಲ್ಲದಿದ್ದರೂ ದೇಹ ಹಾಗೆ ಮಾಡಬಹುದು. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಅದು ಜೋರಾಗಿ, ಆಮೇಲೆ ತಾನಾಗಿ ಇಳಿಯುತ್ತದೆ.

ಆಗ ಏನು ಮಾಡೋದು? ಗೋಡೆಗೆ ಒರಗಿ ಕೂತು ಎರಡೂ ಪಾದ ನೆಲಕ್ಕೆ ಊರಿ. ನಾಲ್ಕು ಎಣಿಸುತ್ತಾ ಮೂಗಿನಿಂದ ಉಸಿರು ತೆಗೆದುಕೊಳ್ಳಿ, ಆರು ಎಣಿಸುತ್ತಾ ನಿಧಾನ ಬಿಡಿ. ಬಿಡುವ ಉಸಿರು ಉದ್ದ ಇರಲಿ. ಕಣ್ಣಿಗೆ ಕಾಣುವ ಐದು ವಸ್ತುಗಳ ಹೆಸರು ಬಾಯಿಬಿಟ್ಟು ಹೇಳಿ: ಕೊಡ, ಚಾಪೆ, ಒಲೆ, ಮೊರ, ಕಿಟಕಿ. "ಇದು ಭಯ, ಇಳಿದು ಹೋಗ್ತದೆ" ಅಂತ ನಿಮಗೆ ನೀವೇ ಹೇಳಿಕೊಳ್ಳಿ. ಪಕ್ಕದಲ್ಲಿರುವವರು ಸುತ್ತ ಗುಂಪು ಕಟ್ಟಬೇಡಿ, "ಧೈರ್ಯ ತಗೋ" ಅಂತ ಗದರಬೇಡಿ. ಜೊತೆಗೆ ಕೂತು ನೀವೂ ಹಾಗೇ ಉಸಿರಾಡಿ.

ಒಂದು ಎಚ್ಚರಿಕೆ. ಎದೆನೋವು ಮೊದಲ ಸಲ ಬಂದಿದ್ದರೆ, ನೋವು ಕೈಗೋ ದವಡೆಗೋ ಹಬ್ಬಿದರೆ ಭಯವೇ ಇರಬೇಕು ಅಂತ ಸುಮ್ಮನಿರಬೇಡಿ. 108ಕ್ಕೆ ಫೋನ್ ಮಾಡಿ. ಅದು ಹೃದಯವೋ ಭಯವೋ ಅಂತ ಡಾಕ್ಟರೇ ಹೇಳಲಿ.

ಆದರೆ ಉಸಿರಾಟದಿಂದ ಸಾಲ ತೀರೋದಿಲ್ಲ, ಅಲ್ವಾ? ಎದೆ ತಣ್ಣಗಾದ ಮೇಲೆ ಎರಡನೇ ಕೆಲಸ ಇದೆ. ಒಂದು ಹಾಳೆಯಲ್ಲಿ ಎಲ್ಲ ಸಾಲ ಬರೆಯಿರಿ: ಯಾರಿಗೆ, ಎಷ್ಟು, ಯಾವ ದಿನ. ಕತ್ತಲಲ್ಲಿ ಹಗ್ಗವೂ ಹಾವಾಗುತ್ತದೆ. ಬರೆದಾಗ ಅದರ ಉದ್ದ ಗೊತ್ತಾಗುತ್ತದೆ. ಆ ಹಾಳೆಯನ್ನು ನಂಬಿಕೆಯ ಒಬ್ಬರಿಗಾದರೂ ತೋರಿಸಿ.

ಕಾನೂನೂ ತಿಳಿದಿರಲಿ. ರಿಸರ್ವ್ ಬ್ಯಾಂಕ್ ನಿರ್ದೇಶನದ ಪ್ರಕಾರ ಕಿರು ಸಾಲ ವಸೂಲಿಗೆ ಬರುವವರು ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಫೋನ್ ಮಾಡುವಂತಿಲ್ಲ. ಬೈಯುವಂತಿಲ್ಲ, ನೆಂಟರಿಷ್ಟರನ್ನು ಪೀಡಿಸುವಂತಿಲ್ಲ. ಬಲವಂತದ ವಸೂಲಿ ತಡೆಯಲು ನಮ್ಮ ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೂ ತಂದಿತು. ಹಾಗಂತ ಬ್ಯಾಂಕ್ ಅಥವಾ ನೋಂದಾಯಿತ ಸಂಸ್ಥೆಯ ಸಾಲ ಮಾಯವಾಗೋದಿಲ್ಲ, ಕಟ್ಟಲೇಬೇಕು. ಆದರೆ ಹೆದರಿಸುವ ಹಕ್ಕು ಯಾರಿಗೂ ಇಲ್ಲ. ನಮಗೂ ಇಲ್ಲ.

ನಿದ್ದೆ, ಊಟ, ಕೆಲಸ ಎರಡು ವಾರಕ್ಕಿಂತ ಹೆಚ್ಚು ಕೆಟ್ಟಿದ್ದರೆ, ಇಂಥ ಭಯ ಮತ್ತೆ ಮತ್ತೆ ಬಂದರೆ ಸರ್ಕಾರಿ ಆಸ್ಪತ್ರೆಯ ಡಾಕ್ಟರಿಗೆ ತೋರಿಸಿ. ಇದಕ್ಕೆ ಚಿಕಿತ್ಸೆ ಇದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ ಇದೆ, ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

"ಬದುಕೇ ಬೇಡ" ಅಂತ ಒಬ್ಬಳು ಅಂದರೆ ಮಾತು ತಿರುಗಿಸಬೇಡಿ. "ಸಾಯುವ ಯೋಚನೆ ಬರ್ತಿದೆಯಾ?" ಅಂತ ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟೋದಿಲ್ಲ; ಹೇಳಿಕೊಳ್ಳಲು ಅವಳಿಗೆ ದಾರಿಯಾಗುತ್ತದೆ. ಅವಳನ್ನು ಒಂಟಿ ಬಿಡಬೇಡಿ. ಮನೆಯಲ್ಲಿ ಬೆಳೆಗೆ ಹೊಡೆಯುವ ಔಷಧಿ ಇದ್ದರೆ ಅವತ್ತೇ ತೆಗೆದು ಬೇರೆ ಕಡೆ ಇಡಿಸಿ. ಆಸ್ಪತ್ರೆಗೆ ಜೊತೆಯಲ್ಲೇ ಹೋಗಿ.

ನಮ್ಮ ಆ ಸಂಘ ಆಮೇಲೆ ಏನು ಮಾಡಿತು ಗೊತ್ತಾ? ಮುಂದಿನ ಸಭೆಯಲ್ಲಿ ಆ ತಾಯಿಯ ಹತ್ತಿರ ಕ್ಷಮೆ ಕೇಳಿತು. ನಾವೂ ಕೇಳಿದೆವು. ಕಂತನ್ನು ಅರ್ಧಕ್ಕೆ ಇಳಿಸಿ, ಅವಧಿ ಮುಂದೂಡಿ ಠರಾವು ಬರೆಯಿತು. ಇನ್ನು ಮೇಲೆ ಬಾಕಿಗಾಗಿ ಯಾರ ಮನೆ ಅಂಗಳದಲ್ಲೂ ಗುಂಪಾಗಿ ಕೂರುವುದಿಲ್ಲ ಎಂದೂ ಬರೆಯಿತು. ಸಾಲ ಮುಗಿಯಲು ಸಮಯ ಹಿಡಿಯಿತು, ಆದರೆ ಮುಗಿಯಿತು. ಆ ತಾಯಿಗೆ ಈಗಲೂ ಒಮ್ಮೊಮ್ಮೆ ಎದೆ ಡವಗುಟ್ಟುತ್ತದೆ. "ಬಂದಾಗ ಪಕ್ಕದ ಮನೆ ಅಕ್ಕನ್ನ ಕರೀತೀನಿ ಸಿಸ್ಟರ್" ಅಂತಾರೆ. ಯಾರಾದರೂ ಸಭೆಗೆ ಬರದಿದ್ದರೆ ಮೊದಲು ಎದ್ದು ಹೋಗುವವರೂ ಅವರೇ. ಹೋದವರು ಕಂತು ಕೇಳೋದಿಲ್ಲ, "ಊಟ ಆಯ್ತಾ?" ಅಂತ ಕೇಳ್ತಾರೆ.

ನಿಮ್ಮಲ್ಲಿ ನಮ್ಮ ಕೋರಿಕೆ ಇಷ್ಟೇ. ಈ ವಾರದ ಸಭೆಯಲ್ಲಿ ಉಳಿತಾಯ ಕಟ್ಟಿದ ಮೇಲೆ ಹತ್ತು ನಿಮಿಷ ಪುಸ್ತಕ ಮುಚ್ಚಿಡಿ. "ಯಾರಿಗೆ ಏನು ಭಾರ ಇದೆ?" ಅಂತ ಕೇಳಿ. ಹೇಳಿದ ಮಾತು ಆ ಚಾಪೆ ಬಿಟ್ಟು ಹೊರಗೆ ಹೋಗಬಾರದು. ಬರದೇ ಇರುವ ಸದಸ್ಯೆ ಯಾರು ಅಂತಲೂ ನೋಡಿ, ಅವತ್ತು ಸಂಜೆಯೇ ಒಬ್ಬರು ಅವರ ಮನೆಗೆ ಹೋಗಿ ಬನ್ನಿ.