ಅಂಕಪಟ್ಟಿಯಲ್ಲಿ ಕಾಣದ ಭಾಷೆಗಳು

(ಗಡಿನಾಡಿನ ಕನ್ನಡ ಮಾಧ್ಯಮ ಅಧ್ಯಾಪಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಇಂದು ನನಗೆ ಕೊಟ್ಟಿರುವ ವಿಷಯ ಕಾಲೇಜು ವಿದ್ಯಾರ್ಥಿಗಳ ಪರಭಾಷಾ ಸಾಮರ್ಥ್ಯವನ್ನು ಅಳೆಯುವುದು ಹೇಗೆ ಎಂಬುದು. ಕನ್ನಡ ಬಲ್ಲ ಅಧ್ಯಾಪಕರ ನೇಮಕಕ್ಕಾಗಿಯೇ ಮನವಿ ಬರೆದು ಬರೆದು ಕೈಸೋತಿರುವ ನಮಗೆ ಅಮೆರಿಕದ ಕಾಲೇಜಿನ ಫ್ರೆಂಚ್ ಪರೀಕ್ಷೆಯ ಉಸಾಬರಿ ಏಕೆ ಎಂದು ನಿಮಗೆ ಅನಿಸಿದರೆ ತಪ್ಪಿಲ್ಲ. ಆದರೆ ನಮ್ಮ ಮಕ್ಕಳು ಹತ್ತನೆಯ ತರಗತಿ ದಾಟಿದ ಮೇಲೆ ಹೆಜ್ಜೆಹೆಜ್ಜೆಗೂ ಅವರನ್ನು ಅಳೆಯುವುದು ಭಾಷೆಯಿಂದಲೇ. ಆ ಅಳತೆಗೋಲು ಎಂಥದು ಎಂದು ನೋಡದೆ ಹಕ್ಕಿನ ಮಾತಾಡಿದರೆ ಅದು ಅರ್ಧ ಮಾತೇ ಆದೀತು.

ಮೊದಲು ಸ್ವಲ್ಪ ಹಿಂದಿನ ಕಥೆ. 1952ರಲ್ಲಿ ಅಮೆರಿಕ ಸರಕಾರ ತನ್ನ ನೌಕರರಲ್ಲಿ ಯಾರಿಗೆ ಯಾವ ಭಾಷೆ ಎಷ್ಟು ಬರುತ್ತದೆ ಎಂದು ಪಟ್ಟಿ ಮಾಡಲು ಹೊರಟಿತು. ಪಟ್ಟಿ ಮಾಡೋಣವೆಂದರೆ ಅಳೆಯುವ ಸಾಧನವೇ ಇರಲಿಲ್ಲ. ಇದ್ದದ್ದು ಎರಡೇ: ನೌಕರ ತನ್ನ ಬಗ್ಗೆ ತಾನೇ ಹೇಳಿಕೊಂಡ ಮಾತು, ಇಲ್ಲವೇ ಕಾಲೇಜಿನ ಅಂಕ. ಎರಡನ್ನೂ ನಂಬುವಂತಿರಲಿಲ್ಲ. ಆ ದಶಕದಲ್ಲಿ ಅವರ ವಿದೇಶಾಂಗ ಸೇವಾ ಸಂಸ್ಥೆ ಸೊನ್ನೆಯಿಂದ ಐದರವರೆಗಿನ ಒಂದು ಮಾಪಕವನ್ನು ರೂಪಿಸಿತು. ಸೊನ್ನೆ ಎಂದರೆ ಏನೂ ಬಾರದು. ಮೂರು ಎಂದರೆ ತನ್ನ ವೃತ್ತಿಯ ಕೆಲಸವನ್ನು ಆ ಭಾಷೆಯಲ್ಲಿ ನಡೆಸಬಲ್ಲ. ಐದು ಎಂದರೆ ಆ ನಾಡಿನ ವಿದ್ಯಾವಂತರಿಗೆ ಸರಿಸಮ. ಎಷ್ಟು ವರ್ಷ ಓದಿದೆ ಎಂದು ಈ ಮಾಪಕ ಕೇಳುವುದಿಲ್ಲ. ಏನು ಮಾಡಬಲ್ಲೆ ಎಂದು ಕೇಳುತ್ತದೆ.

ಕಾಲೇಜುಗಳಿಗೆ ಇದರ ಬಿಸಿ ತಟ್ಟಿದ್ದು 1967ರಲ್ಲಿ. ಜಾನ್ ಕ್ಯಾರಲ್ ಎಂಬ ವಿದ್ವಾಂಸರು 203 ಕಾಲೇಜುಗಳಲ್ಲಿ ಫ್ರೆಂಚ್, ಜರ್ಮನ್, ಇಟಾಲಿಯನ್, ರಷ್ಯನ್, ಸ್ಪ್ಯಾನಿಷ್ ಭಾಷೆಗಳನ್ನೇ ಮುಖ್ಯ ವಿಷಯವಾಗಿ ಓದುತ್ತಿದ್ದ 2,782 ಮಂದಿ ಕೊನೆಯ ವರ್ಷದ ವಿದ್ಯಾರ್ಥಿಗಳ ಅಧ್ಯಯನವನ್ನು ಪ್ರಕಟಿಸಿದರು. ಭಾಷೆಯೇ ಅವರ ಪದವಿ. ಅವರಲ್ಲಿ ಅನೇಕರು ಮುಂದೆ ಅದೇ ಭಾಷೆಯ ಅಧ್ಯಾಪಕರಾಗುವವರು. ಆದರೂ ಮಧ್ಯಮ ಸ್ಥಾನದ ವಿದ್ಯಾರ್ಥಿ ಮುಟ್ಟಿದ್ದು ಎರಡನ್ನು ದಾಟಿ ಮೂರನ್ನು ಮುಟ್ಟದ ಜಾಗ. ಅಂದರೆ ಪದವಿ ಕೈಗೆ ಬಂದರೂ ವೃತ್ತಿಗೆ ಬೇಕಾದಷ್ಟು ಭಾಷೆ ಬಂದಿರಲಿಲ್ಲ. ಯಾರು ಮುಂದಿದ್ದರು ಎಂಬುದು ನಮಗೆ ಇನ್ನೂ ಮುಖ್ಯ. ಆ ಭಾಷೆಯ ನಾಡಿನಲ್ಲಿ ಕೆಲಕಾಲ ಇದ್ದು ಬಂದವರು, ಎಳವೆಯಲ್ಲೇ ಕಲಿಕೆ ಶುರುಮಾಡಿದವರು, ಮನೆಯಲ್ಲಿ ತಂದೆತಾಯಿ ಆ ಭಾಷೆಯಾಡುತ್ತಿದ್ದವರು. ಕಾಸರಗೋಡಿನ, ತಾಳವಾಡಿಯ, ಜತ್ತಿನ ನಮ್ಮ ಮಕ್ಕಳ ಪರಿಸ್ಥಿತಿಗೆ ಇದು ಎಷ್ಟು ಹತ್ತಿರ ನೋಡಿ. ಇವರು ನೆರೆಭಾಷೆಯ ನಾಡಿಗೆ ಹೋಗಿ ಬರಬೇಕಾಗಿಲ್ಲ, ಹುಟ್ಟಿದ್ದೇ ಅಲ್ಲಿ. ಅದೇ ವಿದೇಶಾಂಗ ಸಂಸ್ಥೆ ತನ್ನ ನೌಕರರಿಗೆ ತಮಿಳು ಅಥವಾ ತೆಲುಗು ಕಲಿಸಲು ಸುಮಾರು 44 ವಾರ, 1,100 ಗಂಟೆ ತರಗತಿ ಬೇಕೆಂದು ಲೆಕ್ಕ ಹಾಕಿದೆ. ನಮ್ಮ ತಾಳವಾಡಿಯ ಹುಡುಗಿ ಅದರ ಬಹುಪಾಲನ್ನು ಸಂತೆಯಲ್ಲೇ ಮುಗಿಸಿರುತ್ತಾಳೆ.

ಅಮೆರಿಕದ ಭಾಷಾ ಬೋಧಕರ ಮಂಡಳಿ ಈ ಸರಕಾರಿ ಮಾಪಕವನ್ನು ಕಾಲೇಜಿಗೆ ಹೊಂದಿಸಿ 1982ರಲ್ಲಿ ತಾತ್ಕಾಲಿಕವಾಗಿಯೂ 1986ರಲ್ಲಿ ಪರಿಷ್ಕರಿಸಿಯೂ ಪ್ರಕಟಿಸಿತು. ಮಾತಿನ ಪರೀಕ್ಷೆಗೆ ಪ್ರಶ್ನೆಪತ್ರಿಕೆ ಇಲ್ಲ. ಹದಿನೈದರಿಂದ ಮೂವತ್ತು ನಿಮಿಷದ ಮಾತುಕತೆ, ಅಷ್ಟೇ. ಪರೀಕ್ಷಕ ಸುಲಭದಿಂದ ತೊಡಗಿ, ವಿದ್ಯಾರ್ಥಿ ಎಲ್ಲಿ ತಡವರಿಸುತ್ತಾನೋ ಅಲ್ಲಿಯವರೆಗೆ ಏರಿಸುತ್ತಾ ಹೋಗಿ, ಕೊನೆಗೆ ಮತ್ತೆ ಸುಲಭದ ಮಾತಿಗೆ ಇಳಿಯುತ್ತಾನೆ. ಸೋತ ಮುಖದಲ್ಲಿ ಯಾರೂ ಹೊರಗೆ ಹೋಗಬಾರದೆಂಬ ಈ ಸೌಜನ್ಯ ನಮ್ಮ ವೈವಾ ಪರೀಕ್ಷಕರಲ್ಲೂ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು!

ಮೆಟ್ಟಿಲುಗಳನ್ನು ನಮ್ಮ ಬಸ್ಸಿನ ಉದಾಹರಣೆಯಿಂದಲೇ ಹೇಳುತ್ತೇನೆ. ಮಲೆಯಾಳದಲ್ಲಿ ಹೆಸರು, ಊರು, ಎಣಿಕೆ, ಬಾಯಿಪಾಠದ ನಾಲ್ಕು ವಾಕ್ಯ ಹೇಳಿದರೆ ಆರಂಭದ ಮೆಟ್ಟಿಲು. ಬಸ್ಸು ಎಷ್ಟು ಗಂಟೆಗೆ, ಎಲ್ಲಿ ಇಳಿಯಬೇಕು ಎಂದು ಸ್ವಂತ ವಾಕ್ಯ ಕಟ್ಟಿ ಕೇಳಿ ತಿಳಿದುಕೊಂಡರೆ ಎರಡನೆಯದು. ಬಸ್ಸಿನಲ್ಲಿ ಚೀಲ ಬಿಟ್ಟು ಬಂದವನು ಡಿಪೋಗೆ ಹೋಗಿ, ಯಾವಾಗ ಹತ್ತಿದೆ, ಎಲ್ಲಿ ಕುಳಿತಿದ್ದೆ, ಏನಾಯಿತು ಎಂದು ಕ್ರಮವಾಗಿ ವಿವರಿಸಿ ಚೀಲ ಹುಡುಕಿಸಿಕೊಂಡರೆ ಮೂರನೆಯದು. ಆ ಮಾರ್ಗದ ಬಸ್ಸನ್ನೇ ನಿಲ್ಲಿಸಿದರೆ ಊರಿಗೆ ಏನಾದೀತು ಎಂದು ಪಂಚಾಯತ್ ಸಭೆಯಲ್ಲಿ ವಾದಿಸಬಲ್ಲವನು ನಾಲ್ಕನೆಯ ಮೆಟ್ಟಿಲಿನವನು. 2012ರಲ್ಲಿ ಇದರ ಮೇಲೆ ಇನ್ನೊಂದನ್ನು ಸೇರಿಸಿದ್ದಾರೆ, ಅದು ನಮಗೆ ಸದ್ಯಕ್ಕೆ ಬೇಡ. ಉಚ್ಚಾರಣೆಯ ವಿಷಯದಲ್ಲೂ ಅಲ್ಲಿ ಕೇಳುವುದು, ಕೇಳುಗನಿಗೆ ಅರ್ಥವಾಯಿತೇ ಎಂದು. ನಮ್ಮ ಹುಡುಗ ಮಲೆಯಾಳದ ವಿಶಿಷ್ಟ ಅಕ್ಷರವನ್ನು 'ಳ' ಎಂದ ಮಾತ್ರಕ್ಕೆ ತರಗತಿಯೇ ನಗುವ ಪದ್ಧತಿಯನ್ನು ಯಾವ ಮಾಪಕವೂ ಒಪ್ಪುವುದಿಲ್ಲ.

ಇದರಲ್ಲಿ ತೊಡಕಿಲ್ಲವೆಂದಲ್ಲ. ತರಬೇತಾದ ಪರೀಕ್ಷಕ ಬೇಕು, ಒಬ್ಬೊಬ್ಬರಿಗೂ ಸಮಯ ಬೇಕು, ಖರ್ಚು ಬರುತ್ತದೆ. ಅದಕ್ಕೇ ಎಷ್ಟೋ ಪರೀಕ್ಷೆಗಳು ಗುರುತು ಹಾಕುವ ಪ್ರಶ್ನೆಗಳಲ್ಲೇ ಮುಗಿಯುತ್ತವೆ. ನಮ್ಮ ಯುವಕರು ಬರೆಯುವ ಜಪಾನೀ ಭಾಷೆಯ ಜೆ.ಎಲ್.ಪಿ.ಟಿ.ಯಲ್ಲಿ ಮಾತಿನ ಭಾಗವೇ ಇಲ್ಲ. ಜರ್ಮನಿಗೆ ಹೋಗುವ ನರ್ಸುಗಳಿಗೆ ಸಾಮಾನ್ಯವಾಗಿ ಕೇಳುವ ಬಿ-2 ಮಟ್ಟಕ್ಕೆ ಗೊಯಿಥೆ ಸಂಸ್ಥೆ ನಡೆಸುವ ಪರೀಕ್ಷೆಯಲ್ಲಾದರೋ ಓದು, ಕೇಳುವಿಕೆ, ಬರವಣಿಗೆಯ ಜತೆ ಮಾತೂ ಇದೆ.

ಈಗ ನಮ್ಮ ಮನೆಯ ಮಾತಿಗೆ ಬರೋಣ. ತಮಿಳುನಾಡಿನಲ್ಲಿ 2006ರ, ಕೇರಳದಲ್ಲಿ 2017ರ, ಮಹಾರಾಷ್ಟ್ರದಲ್ಲಿ 2020ರ ಕಾಯ್ದೆಗಳು ಶಾಲೆಗಳಲ್ಲಿ ರಾಜ್ಯಭಾಷೆಯ ಕಲಿಕೆಯನ್ನು ಕಡ್ಡಾಯ ಮಾಡಿವೆ. ಇವುಗಳ ಬಗ್ಗೆ ನಮ್ಮ ಆಕ್ಷೇಪಗಳು ನಿಮಗೆ ಗೊತ್ತೇ ಇವೆ, ಮತ್ತೆ ಹೇಳುವುದಿಲ್ಲ. 1956ರ ಏಳನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಬಂದ 350ಎ ವಿಧಿ ಪ್ರಾಥಮಿಕ ಹಂತದ ಮಾತೃಭಾಷಾ ಶಿಕ್ಷಣದ ಮಾತಾಡುತ್ತದೆ. ಕಾಲೇಜಿನ ಬಾಗಿಲವರೆಗೆ ಅದು ನಮ್ಮ ಜತೆ ಬರುವುದಿಲ್ಲ. ಬಾಗಿಲಲ್ಲಿ ನಿಂತಿರುವುದು ಅಂಕಪಟ್ಟಿ.

ಆ ಅಂಕಪಟ್ಟಿಯನ್ನು ನಿರ್ಧರಿಸುವುದು ಬಹುಮಟ್ಟಿಗೆ ಬರವಣಿಗೆಯೇ. ಪ್ರಬಂಧ ಬಾಯಿಪಾಠ ಮಾಡಿದ ಹುಡುಗ ರಾಜ್ಯಭಾಷೆಯಲ್ಲಿ ಎಂಬತ್ತು ಅಂಕ ಪಡೆದು, ತಾಲೂಕು ಕಚೇರಿಯಲ್ಲಿ ರೇಷನ್ ಕಾರ್ಡಿನ ತಿದ್ದುಪಡಿಗೆ ಬಾಯಿಬಿಡಲಾರ. ತಂದೆಯ ಅಂಗಡಿಯಲ್ಲಿ ಕುಳಿತು ನಾಲ್ಕು ಭಾಷೆಗಳಲ್ಲಿ ವ್ಯಾಪಾರ ಮಾಡುವ ಹುಡುಗಿ, ಕಾಗುಣಿತದ ತಪ್ಪಿಗೆ ಮೂವತ್ತೈದಕ್ಕೆ ನಿಲ್ಲುತ್ತಾಳೆ. ಮೊದಲನೆಯವನ ಕೊರತೆ ಕೆಲಸದ ಸಂದರ್ಶನದ ದಿನದವರೆಗೂ ಅಡಗಿರುತ್ತದೆ. ಎರಡನೆಯವಳ ಬಲ ಎಲ್ಲಿಯೂ ದಾಖಲಾಗುವುದೇ ಇಲ್ಲ. ಕನ್ನಡ ಶಾಲೆಯವರಿಗೆ ರಾಜ್ಯಭಾಷೆ ಬಾರದು ಎಂಬ ದೂರು ಬಂದಾಗ, ಇಲ್ಲ, ಬರುತ್ತದೆ ಎನ್ನುತ್ತೇವೆ. ದೂರುವವರ ಕೈಯಲ್ಲೂ ಆಧಾರವಿಲ್ಲ, ನಮ್ಮ ಕೈಯಲ್ಲೂ ಇಲ್ಲ.

ಪರೀಕ್ಷೆಯೇ ಬೇಡ ಎನ್ನುವ ಗೆಳೆಯರಿದ್ದಾರೆ. ಅವರ ಭಯ ನನಗೆ ಅರ್ಥವಾಗುತ್ತದೆ, ಆದರೆ ಒಪ್ಪಲಾರೆ. ಮಲೆಯಾಳವನ್ನೇ ಮನೆಯಲ್ಲಿ ಆಡುವ ಮಗುವಿನ ಪ್ರಶ್ನೆಪತ್ರಿಕೆಯನ್ನು ಕನ್ನಡದ ಮಗುವಿನ ಮುಂದಿಡುವುದು ಬೇಡವೆನ್ನೋಣ. ಎರಡನೆಯ ಭಾಷೆಯಾಗಿ ಕಲಿತವರಿಗೆ ತಕ್ಕ ಪರೀಕ್ಷೆ, ಮಾತಿಗೂ ಅಂಕವಿರುವ ಪರೀಕ್ಷೆ ಬೇಕೆಂದು ಕೇಳೋಣ. ಅದರ ಜತೆಗೆ ಕನ್ನಡವೂ ಲೆಕ್ಕಕ್ಕೆ ಬರಲಿ. ಕ್ಯಾಲಿಫೋರ್ನಿಯಾದಲ್ಲಿ 2011ರ ಒಂದು ಕಾನೂನಿನಂತೆ, ಇಂಗ್ಲಿಷಿನ ಜತೆ ಇನ್ನೊಂದು ಭಾಷೆಯಲ್ಲಿ ಪರಿಣತಿ ತೋರಿಸಿದ ಹೈಸ್ಕೂಲು ವಿದ್ಯಾರ್ಥಿಯ ಪ್ರಮಾಣಪತ್ರಕ್ಕೆ ದ್ವಿಭಾಷಾ ಮುದ್ರೆ ಒತ್ತುತ್ತಾರೆ. ಮನೆಯಲ್ಲಿ ಸ್ಪ್ಯಾನಿಷ್ ಆಡುವ ಕೂಲಿಕಾರರ ಮಕ್ಕಳಿಗೂ ಅದು ಸಿಗುತ್ತದೆ. ನಮ್ಮ ಮನವಿಗಳಲ್ಲಿ ಇಂಥದೊಂದು ಬೇಡಿಕೆಯನ್ನು ಇದುವರೆಗೆ ನಾನು ಕಂಡಿಲ್ಲ.

ಯೂರೋಪಿನವರು 2001ರಲ್ಲಿ ತಮ್ಮ ಆರು ಮಟ್ಟಗಳ ಚೌಕಟ್ಟನ್ನು ಪ್ರಕಟಿಸಿದರು. 2020ರ ಪೂರಕ ಸಂಪುಟದಲ್ಲಿ ಒಂದು ಭಾಷೆಯಲ್ಲಿ ಕೇಳಿದ್ದನ್ನು, ಓದಿದ್ದನ್ನು ಇನ್ನೊಂದರಲ್ಲಿ ತಿಳಿಸಿಕೊಡುವ ಶಕ್ತಿಗೆ ವಿಸ್ತಾರವಾದ ಮಾಪಕಗಳನ್ನು ಕೊಟ್ಟಿದ್ದಾರೆ. ಬ್ಯಾಂಕಿನಿಂದ ಮಲೆಯಾಳದಲ್ಲಿ ಬಂದ ಕಾಗದವನ್ನು ಅಜ್ಜಿಗೆ ತುಳುವಿನಲ್ಲಿಯೋ ಹವ್ಯಕದಲ್ಲಿಯೋ ಓದಿ ಹೇಳುವ ನಮ್ಮ ಮಗು ಮಾಡುವುದು ಇದನ್ನೇ. ಅದಕ್ಕೆ ಹೆಸರಿದೆ, ಮಟ್ಟವಿದೆ, ಅಳತೆಯಿದೆ.

ಸರಕಾರ ಮಾಡುವವರೆಗೆ ಕಾಯಬೇಕಾಗಿಲ್ಲ. ಬರುವ ಜನವರಿಯಲ್ಲಿ ಪ್ರತಿ ಶಾಲೆಯೂ ಹತ್ತನೆಯ ತರಗತಿಯ ಒಬ್ಬೊಬ್ಬ ಮಗುವಿನೊಡನೆ ರಾಜ್ಯಭಾಷೆಯಲ್ಲಿ ಹದಿನೈದು ನಿಮಿಷ, ಕನ್ನಡದಲ್ಲಿ ಹದಿನೈದು ನಿಮಿಷ ಮಾತಾಡಲಿ. ಕೇಳುವವರು ಇಬ್ಬರಿರಲಿ, ಒಬ್ಬರಾದರೂ ಆ ಮಗುವಿಗೆ ಪಾಠ ಮಾಡದವರಾಗಿರಲಿ. ಹೆತ್ತವರ ಒಪ್ಪಿಗೆ ಪಡೆದು ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಳ್ಳಿ. ಬಸ್ಸಿನ ನಾಲ್ಕು ಮೆಟ್ಟಿಲುಗಳಲ್ಲಿ ಮಗು ಎಲ್ಲಿದೆ ಎಂದು ಇಬ್ಬರೂ ಬೇರೆಬೇರೆಯಾಗಿ ಬರೆದು, ಆಮೇಲೆ ತಾಳೆ ನೋಡಿ, ಶಾಲೆಯ ಒಂದು ರಿಜಿಸ್ಟರಿನಲ್ಲಿ ದಾಖಲಿಸಿ. ಮೂವತ್ತು ಮಕ್ಕಳ ತರಗತಿಗೆ ಒಟ್ಟು ಹದಿನೈದು ಗಂಟೆ ಆಗುತ್ತದೆ. ಮುಂದಿನ ಸಭೆಗೆ ಬರುವಾಗ ಆ ರಿಜಿಸ್ಟರನ್ನು ತನ್ನಿ. ಅಧಿಕಾರಿಗಳಿಗೆ ಕೊಡುವ ಮನವಿಗೆ ಅದನ್ನೇ ಲಗತ್ತಿಸೋಣ.