ಹಳೆಯ ಕಾರಿನ ಹ್ಯಾಂಡ್‌ಬ್ರೇಕ್ ಕೇಬಲು
(ಸಂಘದ ವಾರ್ಷಿಕ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಈ ವೇದಿಕೆಯಿಂದ ಸಾಹಿತ್ಯವನ್ನೋ ನೀತಿಯನ್ನೋ ಕುರಿತು ಮಾತನಾಡುವುದು ರೂಢಿ. ನಾನು ಇಂದು ಆಯ್ದುಕೊಂಡಿರುವುದು ಒಂದು ಉಕ್ಕಿನ ಹಗ್ಗವನ್ನು. ಹಳೆಯ ಕಾರುಗಳನ್ನು ನಿಂತಲ್ಲಿಯೇ ಹಿಡಿದಿಡುವ ಕೇಬಲನ್ನು. ‘ಕೈಬಿರಿ’ ಎಂಬ ಮಾತು ನಮ್ಮಲ್ಲಿ ಉಂಟಾದರೂ ಹೊಸೂರಿನ ಕಾರ್ಯಾಗಾರಗಳಲ್ಲಿ ಅದು ಚಲಾವಣೆಯಾಗದು. ಆದುದರಿಂದ ಹ್ಯಾಂಡ್‌ಬ್ರೇಕ್ ಎಂದೇ ಹೇಳುತ್ತೇನೆ, ಭಾಷಾಭಿಮಾನಿಗಳು ಕ್ಷಮಿಸಬೇಕು.

ಈ ವಿಷಯವನ್ನು ಎತ್ತಲು ಕಾರಣವುಂಟು. ನಮ್ಮ ಶಾಲೆಯ ಬಾಗಿಲು ಇಳಿಜಾರಿನ ಬುಡದಲ್ಲಿದೆ. ಕಳೆದ ವರ್ಷ ಮೇಲುಗಡೆ ನಿಲ್ಲಿಸಿದ್ದ ಹಳೆಯ ಅಂಬಾಸಡರ್ ಒಂದು ತಾನಾಗಿ ಜಾರಿ ಬಂದು ಹುಣಿಸೆಯ ಮರಕ್ಕೆ ಬಡಿದು ನಿಂತಿತು. ಗಂಟೆ ಬಾರಿಸಲು ಇನ್ನೂ ಐದು ನಿಮಿಷವಿತ್ತು. ಹಿಡಿಯನ್ನು ಎಳೆದೇ ಇದ್ದರು. ಒಳಗಿನ ಕೇಬಲು ತುಂಡಾಗಿತ್ತು.

1950ರ ದಶಕದ ಕೊನೆಯಿಂದ 2014ರವರೆಗೆ ಬಂಗಾಳದ ಉತ್ತರಪಾಡಾದಲ್ಲಿ ತಯಾರಾದ ಆ ಕಾರಿನ ತೂಕ ಸುಮಾರು 1100 ಕಿಲೋಗ್ರಾಂ. ಹತ್ತು ಅಡಿಗೆ ಒಂದು ಅಡಿ ಇಳಿಯುವ ರಸ್ತೆಯಲ್ಲಿ ಅದನ್ನು ಕೆಳಕ್ಕೆ ಸೆಳೆಯುವ ಬಲ ಸುಮಾರು 110 ಕಿಲೋ ತೂಕದಷ್ಟು. ಹೆಚ್ಚುಕಡಿಮೆ ಒಂದು ಕ್ವಿಂಟಲ್ ರಾಗಿಯ ಮೂಟೆ. ಕಾಲಿನ ಬ್ರೇಕು ಕೆಲಸ ಮಾಡುವುದು ಎಣ್ಣೆಯ ಒತ್ತಡದಿಂದ. ಹ್ಯಾಂಡ್‌ಬ್ರೇಕಿಗೆ ಎಣ್ಣೆಯ ಹಂಗಿಲ್ಲ. ಹಿಡಿಯನ್ನೆಳೆದರೆ ಕೇಬಲು ಎಳೆಯುತ್ತದೆ. ಕೇಬಲು ಹಿಂದಿನ ಚಕ್ರದ ಡ್ರಮ್ಮಿನೊಳಗಿನ ಸನ್ನೆಯನ್ನು ಎಳೆಯುತ್ತದೆ. ಸನ್ನೆಯು ಎರಡು ಷೂಗಳನ್ನೂ ಅಗಲಿಸಿ ಡ್ರಮ್ಮಿಗೆ ಒತ್ತುತ್ತದೆ. ಅಮೆರಿಕದವರು 1960ರ ದಶಕದಲ್ಲಿ ಮಾಡಿದ ಭಾರಿ ಎಂಜಿನ್ನಿನ ಕಾರುಗಳಲ್ಲಿ ಹಿಡಿಯ ಬದಲು ಎಡಗಾಲಿನಿಂದ ತುಳಿಯುವ ಪೆಡಲು ಉಂಟು. ಆದರೆ ಹಗ್ಗ ಹಗ್ಗವೇ. ಅಂಥ ಕಾರುಗಳನ್ನು ಜೀರ್ಣೋದ್ಧಾರ ಮಾಡುವವರು ಎಂಜಿನ್ನಿಗೆ ತೋರುವ ಭಕ್ತಿಯಲ್ಲಿ ಹತ್ತರಲ್ಲೊಂದು ಪಾಲನ್ನೂ ಇದಕ್ಕೆ ತೋರುವುದಿಲ್ಲವೆಂದು ನನ್ನ ಅನುಮಾನ.

ನಮ್ಮ ಹಿರಿಯರು ಕಪಿಲೆಯ ಹಗ್ಗವನ್ನು ಬಲ್ಲರು. ಅದು ಗಾಲಿಯ ಮೇಲೆ ಬಾಗುವೆಡೆಯಲ್ಲಿ ದುಡಿದು ದುಡಿದು ಸವೆಯುತ್ತಿತ್ತು, ಸವೆತ ಕಣ್ಣಿಗೂ ಕಾಣುತ್ತಿತ್ತು. ಈ ಕೇಬಲಿನ ಗುಣ ಬೇರೆ. ಇದು ಕೊಳವೆಯಂಥ ಹೊದಿಕೆಯೊಳಗೆ ಅಡಗಿರುತ್ತದೆ. ದುಡಿಸದಿದ್ದರೆ ಬೇಗ ಕೆಡುತ್ತದೆ. ‘ಗೇರಿನಲ್ಲಿ ನಿಲ್ಲಿಸಿದ್ದೇನೆ, ಸಾಕು’ ಎನ್ನುವವರ ಕಾರಿನಲ್ಲಿ ಮಳೆಯ ನೀರು ಹೊದಿಕೆಗೆ ಇಳಿದು, ತುಕ್ಕು ಹಿಡಿದು, ಎಳೆಗಳು ಒಂದೊಂದಾಗಿ ಹರಿಯುತ್ತವೆ. ಹಿಡಿ ಸಡಿಲವಾಯಿತೆಂದು ತಿರುಪನ್ನು ಬಿಗಿಸುತ್ತ ಹೋಗುವುದು ಇನ್ನೊಂದು ತಪ್ಪು ಉಪಾಯ. ಸವೆದದ್ದು ಷೂ ಆಗಿದ್ದರೆ ಮೊದಲು ಷೂವನ್ನು ಸರಿಪಡಿಸಬೇಕು. ಎಳೆ ಹರಿದ ಕೇಬಲನ್ನು ಬಿಗಿಸಿದರೆ ಉಳಿದ ಎಳೆಗಳ ಆಯುಸ್ಸು ಮತ್ತಷ್ಟು ಕುಗ್ಗುತ್ತದೆ.

ಬದಲಾಯಿಸುವ ಕ್ರಮವನ್ನು ಮೇಲಿನ ತರಗತಿಯ ಹುಡುಗರು ಗಮನವಿಟ್ಟು ಕೇಳಬೇಕು. ಕಾರು ಸಮನೆಲದಲ್ಲಿರಲಿ. ಮುಂದಿನ ಚಕ್ರಗಳ ಎರಡು ಪಕ್ಕಕ್ಕೂ ಕಲ್ಲು ಕೊಡಿ. ಹಿಂಭಾಗವನ್ನು ಎತ್ತಿದ ಮೇಲೆ ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ಇಳಿಸಿ. ಬರಿಯ ಜಾಕನ್ನು ನಂಬಿ ಕಾರಿನ ಕೆಳಗೆ ತಲೆಯಿಡಬೇಡಿ. ಹಿಡಿಯನ್ನು ಪೂರ್ತಿ ಬಿಟ್ಟು, ಹೊಂದಾಣಿಕೆಯ ತಿರುಪನ್ನು ಸಡಿಲಿಸಿ, ಡ್ರಮ್ಮನ್ನು ಕಳಚಿ. ಒಳಗಿನ ಧೂಳನ್ನು ಊದಲೇಬಾರದು. ಹಳೆಯ ಷೂಗಳಲ್ಲಿ ಶ್ವಾಸಕೋಶಕ್ಕೆ ಮಾರಕವಾದ ಕಲ್ನಾರು ಇರಬಹುದು. ಒದ್ದೆಯ ಬಟ್ಟೆಯಿಂದ ಒರೆಸಿ ತೆಗೆಯಿರಿ. ಸ್ಪ್ರಿಂಗುಗಳು ಇದ್ದ ಬಗೆಯನ್ನು ಬರೆದಿಟ್ಟುಕೊಳ್ಳಿ. ಒಂದು ಪಕ್ಕವನ್ನು ಮುಗಿಸುವವರೆಗೆ ಇನ್ನೊಂದನ್ನು ಬಿಚ್ಚದಿದ್ದರೆ ಅದೇ ನಿಮಗೆ ನಕ್ಷೆಯಾಗುತ್ತದೆ.

ಹೊಸ ಕೇಬಲನ್ನು ಹಳೆಯದರ ಪಕ್ಕದಲ್ಲಿ ನೆಲದ ಮೇಲೆ ಹಾಸಿ, ತಂತಿಯ ಉದ್ದ, ಹೊದಿಕೆಯ ಉದ್ದ ಎರಡನ್ನೂ ಹೋಲಿಸಿ ನೋಡಿ. ಅಂಗಡಿಯವನ ಮಾತಿಗಿಂತ ಈ ಹೋಲಿಕೆ ನಂಬಿಕೆಗೆ ಅರ್ಹ. ಹಳೆಯದು ಹಾದಿದ್ದ ದಾರಿಯಲ್ಲಿಯೇ ಹೊಸದು ಹಾಯಲಿ, ಹೊಗೆಕೊಳವೆಗೆ ತಾಗದಿರಲಿ. ಎಡಬಲಗಳೆರಡನ್ನೂ ಒಟ್ಟಿಗೆ ಬದಲಾಯಿಸುವುದು ಲೇಸು. ಒಂದು ಹರಿದಿದ್ದರೆ ಅದೇ ವಯಸ್ಸಿನ ಇನ್ನೊಂದರ ಗತಿಯೂ ಬಹುಶಃ ಅದೇ. ಮೊದಲು ಷೂಗಳನ್ನು ಹೊಂದಿಸಿ, ಕೇಬಲಿನ ಬಿಗಿಯನ್ನು ಅನಂತರವೇ ನೋಡಬೇಕು. ಹಿಡಿ ಬಿಟ್ಟಾಗ ಚಕ್ರ ಸಲೀಸಾಗಿ ತಿರುಗಬೇಕು, ಎಳೆದಾಗ ಎರಡು ಚಕ್ರಗಳೂ ಸಮನಾಗಿ ಹಿಡಿಯಬೇಕು. ಅತಿಯಾಗಿ ಬಿಗಿಸಿದರೆ ಓಡುವಾಗಲೂ ಷೂ ಉಜ್ಜಿ ಡ್ರಮ್ಮು ಕಾಯುತ್ತದೆ.

1988ರ ಮೋಟಾರು ವಾಹನ ಕಾಯಿದೆಯ 126ನೆಯ ಪ್ರಕರಣದಂತೆ, ಚಾಲಕನಿಲ್ಲದ ವಾಹನವು ತಾನಾಗಿ ಚಲಿಸದಂತೆ ಎಂಜಿನ್ ನಿಲ್ಲಿಸಿ ಬ್ರೇಕು ಹಾಕುವುದೋ ತತ್ಸಮಾನವಾದ ಬೇರೆ ಏರ್ಪಾಡು ಮಾಡುವುದೋ ಕಡ್ಡಾಯ. ಪೋಷಕರಲ್ಲಿ ನನ್ನ ಬಿನ್ನಹ ಇಷ್ಟೆ: ಮಕ್ಕಳನ್ನು ಬಿಡಲು ಬರುವ ಹಳೆಯ ವಾಹನಗಳ ಕೇಬಲನ್ನು ಈ ಮಳೆಗಾಲಕ್ಕೆ ಮುನ್ನ ಪರೀಕ್ಷೆ ಮಾಡಿಸಿರಿ. ಅಲ್ಲಿಯವರೆಗೆ ಶಾಲೆಯ ಮೇಲಿನ ಇಳಿಜಾರಿನಲ್ಲಿ ಯಾರೂ ನಿಲ್ಲಿಸಬಾರದೆಂದು ನಾಳೆಯಿಂದ ಫಲಕವಿರುತ್ತದೆ. ಆ ಅಂಬಾಸಡರಿನಿಂದ ಕಳಚಿದ ಕೇಬಲನ್ನು ಅದರ ಯಜಮಾನರು ನಮ್ಮ ಪ್ರಯೋಗಶಾಲೆಗೆ ಕೊಟ್ಟಿದ್ದಾರೆ. ಈ ಮೇಜಿನ ಮೇಲೆಯೇ ಇದೆ. ಸಭೆ ಮುಗಿದ ಮೇಲೆ ಬಂದು ನೋಡಬಹುದು. ಹರಿದ ತುದಿ ಸೂಜಿಯಂತೆ ಚುಚ್ಚುತ್ತದೆ, ಚಿಕ್ಕವರು ಮುಟ್ಟಬಾರದು.