ಕೌದಿಗೆ ಸೂತಕವಿಲ್ಲ

(ತಿಂಗಳ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

 

ಉಪನ್ಯಾಸ ಮಾಡುವವರು ಪುಸ್ತಕ ಹಿಡಿದು ಬರುತ್ತಾರೆ. ನಾನು ಒಂದು ಕೌದಿ ತಂದಿದ್ದೇನೆ. ಈ ಹಸಿರು ತುಂಡು ನಮ್ಮ ಅತ್ತೆಯವರ ಇಳಕಲ್ ಸೀರೆಯದು. ಈ ಬಿಳಿ ಮಾವನವರ ಧೋತರ. ಈ ಹೂವಿನ ಅರಿವೆ ನನ್ನ ಮಗಳು ಸಾಲಿಗೆ ಹೋಗುವಾಗ ಹಾಕುತ್ತಿದ್ದ ಲಂಗ. ಇದರಲ್ಲಿ ಅಂಗಡಿಯಿಂದ ತಂದದ್ದು ದಾರ ಒಂದೇ.

ಕೌದಿ ಹೊಲಿಯುವುದು ಹೇಗೆಂದು ಹಿರಿಯ ತಾಯಂದಿರಿಗೆ ನಾನು ಹೇಳಬೇಕಾಗಿಲ್ಲ. ಆದರೆ ಈಗಿನ ಸೊಸೆಯಂದಿರು, ಮೊಮ್ಮಕ್ಕಳು ನೋಡಿಲ್ಲ. ಅವರಿಗಾಗಿ ನಾಲ್ಕು ಮಾತು. ಜೋಳದ ಸುಗ್ಗಿ ಮುಗಿದು ಮಳೆ ಬೀಳುವವರೆಗಿನ ಬಿಡುವಿನ ದಿನಗಳು ಇದರ ಕಾಲ. ಹಳೆಯ ಸೀರೆಗಳನ್ನು ಬಿಸಿನೀರಲ್ಲಿ ಒಗೆದು, ಬಿಸಿಲಲ್ಲಿ ಒಣಗಿಸಿ, ಪೂರ್ತಿ ಜೀರ್ಣವಾದ ಭಾಗ ಕತ್ತರಿಸಿ ತೆಗೆಯಬೇಕು. ಗಟ್ಟಿಮುಟ್ಟಾದ ಒಂದು ಸೀರೆಯನ್ನು ಪಡಸಾಲೆಯಲ್ಲಿ ಹಾಸಿ ನಾಲ್ಕು ಮೂಲೆಗೆ ಕಲ್ಲು ಇಡಬೇಕು. ಅದರ ಮೇಲೆ ನಡುವಿನ ಪದರಗಳು, ಮೇಲೆ ಬಣ್ಣದ ತುಂಡುಗಳು. ದೊಡ್ಡವರ ಕೌದಿಗೆ ನಮ್ಮ ಮನೆಯಲ್ಲಿ ನಾಲ್ಕರಿಂದ ಆರು ಸೀರೆ ಹಿಡಿಯುತ್ತಿದ್ದವು. ನಡುವಿನ ಪದರ ಹತ್ತಿಯದೇ ಇರಬೇಕು. ಪಾಲಿಸ್ಟರ್ ಸೀರೆ ಹಾಕಿದರೆ ಬೆವರು ಹೀರುವುದಿಲ್ಲ, ಪದರವೂ ಜಾರುತ್ತದೆ.

ಮೊದಲು ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ ಎಲ್ಲ ಪದರ ಹಿಡಿದು ನಿಲ್ಲಿಸಬೇಕು. ಆಮೇಲೆ ಅಂಚಿನಿಂದ ಟಾಕಿ ಶುರು. ಒಂದು ಸುತ್ತು ಮುಗಿದ ಮೇಲೆ ಒಂದು ಬೆರಳು ಒಳಗೆ ಸರಿದು ಇನ್ನೊಂದು ಸುತ್ತು. ಹೀಗೆ ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ನಿಲ್ಲಬೇಕು. ದಾರದ ಗಂಟು ಮೇಲೆ ಕಾಣಬಾರದು, ಪದರದ ಒಳಗೆ ಸೇರಬೇಕು. ಕೊನೆಗೆ ಸುತ್ತಲೂ ಇಳಕಲ್ ಸೀರೆಯ ದಡಿ ಮಡಚಿ ಹೊಲಿದರೆ ಅಂಚು ಹಿಂಜುವುದಿಲ್ಲ. ಮೂಲೆಗೆ ಎರಡೆರಡು ಸಲ ಟಾಕಿ ಹಾಕಬೇಕು. ಕೌದಿ ಹರಿಯುವುದು ಮೊದಲು ಮೂಲೆಯಲ್ಲೇ. ಒಬ್ಬರೇ ಕುಳಿತರೆ ಬಿಡುವಿನ ಹೊತ್ತಿನಲ್ಲಿ ಹದಿನೈದು ಇಪ್ಪತ್ತು ದಿನದ ಕೆಲಸ. ಓಣಿಯ ಹೆಣ್ಣುಮಕ್ಕಳು ಮುಯ್ಯಿ ಮಾಡಿ ನಾಲ್ಕೂ ಬದಿಗೆ ಕುಳಿತರೆ ಬೇಗ ಮುಗಿಯುತ್ತದೆ.

ಈ ಸೂಜಿಯ ಕೆಲಸವನ್ನು ಶರಣರು ಸಣ್ಣದೆಂದು ಎಣಿಸಲಿಲ್ಲ. 12ನೇ ಶತಮಾನದ ವಚನಕಾರರಲ್ಲಿ ಸೂಜಿಕಾಯಕದ ರಾಮಿತಂದೆ ಇದ್ದಾರೆ. ನೂಲುವ ಕದಿರೆ ರೆಮ್ಮವ್ವೆ ಇದ್ದಾರೆ. ನೇಯ್ಗೆಯ ಜೇಡರ ದಾಸಿಮಯ್ಯ, ಬಟ್ಟೆ ಮಡಿ ಮಾಡುವ ಮಡಿವಾಳ ಮಾಚಿದೇವ ಇದ್ದಾರೆ. ನೂಲುವುದು, ನೇಯುವುದು, ಒಗೆಯುವುದು, ಹೊಲಿಯುವುದು, ಒಂದು ಅರಿವೆಯ ಇಡೀ ಬಾಳು ವಚನಕಾರರ ಸಾಲಿನಲ್ಲಿ ಕುಳಿತಿದೆ. ಆ ವಚನಗಳ ಓಲೆಗರಿಗಳು ಮನೆ ಮನೆಯಲ್ಲಿ ಚದುರಿ ಬಿದ್ದಿದ್ದಾಗ, ನಮ್ಮ ವಿಜಯಪುರದ ಫ.ಗು. ಹಳಕಟ್ಟಿಯವರು ಅವನ್ನು ಹುಡುಕಿ ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ ಪ್ರಕಟಿಸಿದರು. ಬೇರೆಯವರು ಹಳತೆಂದು ಅಟ್ಟಕ್ಕೆ ಎಸೆದದ್ದನ್ನು ಅವರು ಕೂಡಿಸಿ ನಮಗೆ ಹೊದಿಸಿದರು.

ಈಗ ನಾನು ಹೇಳಬೇಕೆಂದು ಬಂದ ಮಾತಿಗೆ ಬರುತ್ತೇನೆ. ಅಂಗದ ಮೇಲೆ ಲಿಂಗವಿರುವವರಿಗೆ ಜನನ ಸೂತಕ, ಮರಣ ಸೂತಕ, ಜಾತಿ ಸೂತಕ, ರಜಸ್ಸೂತಕ, ಎಂಜಲು ಸೂತಕ ಎಂಬ ಐದೂ ಇಲ್ಲವೆಂದರು ಶರಣರು. ನಾವು ಸಭೆಯಲ್ಲಿ ಇದನ್ನು ಹೇಳುತ್ತೇವೆ. ಆದರೆ ಮನೆಯ ಕೌದಿಯನ್ನು ಕೇಳಿ ನೋಡಿ, ನಾವು ಏನು ಮಾಡುತ್ತೇವೆಂದು ಅದು ಹೇಳುತ್ತದೆ.

ಕೂಸು ಹುಟ್ಟಿದರೆ ಮೊದಲು ಮಲಗಿಸುವುದು ಹಳೆಯ ಸೀರೆಯ ಕೌದಿಯ ಮೇಲೆ. ಹೊಸ ಅರಿವೆ ಒರಟು, ಹತ್ತಾರು ವರ್ಷ ಉಟ್ಟು ಒಗೆದದ್ದು ಮೆತ್ತಗೆ. ಅಂದರೆ ಇನ್ನೊಬ್ಬರು ಉಟ್ಟುಬಿಟ್ಟದ್ದೇ ಕೂಸಿಗೆ ಶ್ರೇಷ್ಠ. ಜನನ ಸೂತಕ, ಎಂಜಲು ಸೂತಕ ಎರಡೂ ಅಲ್ಲೇ ಬಿದ್ದುಹೋದವು. ಆದರೆ ಅದೇ ಮನೆಯಲ್ಲಿ ಮುಟ್ಟಾದ ಮಗಳಿಗೆ ಬೇರೆ ಕೌದಿ ಕೊಟ್ಟು ಮೂಲೆಗೆ ಕೂಡಿಸುತ್ತೇವೆ. ಆ ಕೌದಿ ಹೊಲಿದವಳೂ ಮುಟ್ಟಾಗುತ್ತಿದ್ದ ಹೆಣ್ಣುಮಗಳೇ ಅಲ್ಲವೆ?

ಜಾತಿ ಸೂತಕದ ಮಾತು. ನಮ್ಮ ಓಣಿಗಳಲ್ಲಿ ಕೌದಿ ಹೊಲಿದು ಕೊಡುವ ಅಲೆಮಾರಿ ಹೆಣ್ಣುಮಕ್ಕಳು ಬರುತ್ತಾರೆ. ಇಡೀ ದಿನ ಬೆನ್ನು ಬಗ್ಗಿಸಿ ಹೊಲಿದವರಿಗೆ “ಹಳೇ ಅರಬಿ ಹೊಲ್ಯಾಕ ಇಷ್ಟ ರೊಕ್ಕ ಏನವ್ವಾ?” ಎಂದು ಚೌಕಾಸಿ ಮಾಡುತ್ತೇವೆ. ಚಹಾ ಬೇರೆ ಕಪ್ಪಿನಲ್ಲಿ. ಅವರು ಹೊಲಿದದ್ದನ್ನು ಮೈತುಂಬ ಹೊದೆಯಬಹುದು, ಅವರು ಕುಡಿದ ಕಪ್ಪು ಮಾತ್ರ ಒಳಗೆ ಬರಬಾರದು. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆ ಸಿದ್ದಿ ಜನ ಕೌದಿಗೆ ಕವಂದಿ ಎನ್ನುತ್ತಾರೆ. ನಾಲ್ಕು ಮೂಲೆಗೆ ಬಟ್ಟೆ ಮಡಚಿ ಹೂ ಮಾಡಿ ಇಡದಿದ್ದರೆ ಅವರಿಗೆ ಕವಂದಿ ಪೂರ್ತಿಯಾದಂತಲ್ಲ. ಆ ಜನರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ. ಮತ ಮೂರು, ಹೊಲಿಗೆ ಒಂದೇ.

ಮರಣ ಸೂತಕ. ತೀರಿಕೊಂಡವರ ಅರಿವೆ ಮನೆಯಲ್ಲಿ ಇರಬಾರದೆಂದು ಹೊರಗೆ ಹಾಕುವವರಿದ್ದಾರೆ. ತಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿದ ಪೂಜ್ಯ ಸಿದ್ಧೇಶ್ವರ ಸ್ವಾಮೀಜಿಯವರು 2023ರ ಜನವರಿ 2ರಂದು ಲಿಂಗೈಕ್ಯರಾದರು. ತಮಗೆ ಶ್ರಾದ್ಧದ ವಿಧಿಗಳು ಬೇಡ, ಸ್ಮಾರಕವೂ ಬೇಡ ಎಂದು ಅವರು ಮೊದಲೇ ಬರೆದಿಟ್ಟಿದ್ದರು. ಅವರ ದರ್ಶನಕ್ಕೆ ನಾವೆಲ್ಲ ಓಡಿದೆವು. ಮನೆಗೆ ಬಂದು ಹೆತ್ತವ್ವನ ಸೀರೆಗೆ ಹೆದರಿದರೆ ಏನು ಕಲಿತಂತಾಯಿತು? ಈ ಹಸಿರು ಸೀರೆಯನ್ನು ನಮ್ಮತ್ತೆ ಕೊನೆಯ ದಿನಗಳಲ್ಲಿ ಉಡುತ್ತಿದ್ದರು. ಈಗ ಇದರ ಮೇಲೆ ಅವರ ಮರಿಮಗಳು ಮಲಗುತ್ತಾಳೆ.

ನಾನು ಬೇರೆಯವರ ತಪ್ಪನ್ನಷ್ಟೇ ಎಣಿಸಲು ನಿಂತಿಲ್ಲ. ನನ್ನದೊಂದನ್ನು ಈ ಸಭೆಯ ಮುಂದೆ ಹೇಳಿಬಿಡುತ್ತೇನೆ.

ನಮ್ಮ ನೆಗೆಣ್ಣಿ, ನನಗಿಂತ ಹಿರಿಯರು, ಅಕ್ಕ ಎನ್ನುತ್ತೇನೆ. ನಮ್ಮ ಓಣಿಯಲ್ಲಿ ಅವರಂಥ ಟಾಕಿ ಯಾರದೂ ಇಲ್ಲ. ಜೋಳದ ಕಾಳಿನಷ್ಟು ಸಣ್ಣದು, ತುಸು ಓರೆ. ಭಾವನವರು ತೀರಿಕೊಂಡ ಎರಡನೆಯ ವರ್ಷ ನನ್ನ ಮಗಳ ಕುಬಸ ಬಂತು. ತೊಟ್ಟಿಲ ಕೌದಿಗೆ ಸೀರೆ ಹಾಸಿದೆವು. ಅಕ್ಕ ಸೂಜಿ ಹಿಡಿದರು. ಬಂದಿದ್ದ ಹಿರಿಯರೊಬ್ಬರು, “ಮೊದಲನೇ ಟಾಕಿ ಮುತ್ತೈದಿ ಕೈಲೇ ಹಾಕಸ್ರಿ” ಅಂದರು. ಎಲ್ಲರೂ ನನ್ನ ಮುಖ ನೋಡಿದರು. ಅದೇ ವಾರ ಸತ್ಸಂಗದಲ್ಲಿ ಅಕ್ಕಮಹಾದೇವಿಯ ಬಗ್ಗೆ ಮಾತಾಡಿ ಬಂದವಳು ನಾನು. ಬಾಯಿ ಬಿಡಲಿಲ್ಲ. ಅಕ್ಕನೇ ಸೂಜಿ ಕೆಳಗಿಟ್ಟು, “ಇರಲಿ ತಂಗಿ, ನೀವ ಹೊಲೀರಿ, ನಾ ದಾರ ಪೋಣಿಸಿ ಕೊಡ್ತೀನಿ” ಅಂದರು. ಸಂಜೆಯ ತನಕ ಗೋಡೆಗೆ ಒರಗಿ ಕುಳಿತು ದಾರ ಪೋಣಿಸಿಕೊಟ್ಟರು.

ಆ ಕೌದಿಯ ಮೂಲೆ ನಾವು ಗಟ್ಟಿ ಮಾಡಿರಲಿಲ್ಲ. ಮೊದಲ ಒಗೆತಕ್ಕೆ ದಡಿ ಬಿಚ್ಚಿತು, ಕೂಸಿನ ಕಾಲ್ಬೆರಳು ದಾರದಲ್ಲಿ ಸಿಕ್ಕಿ ಅತ್ತಿತು. ಎರಡು ದಿನ ಬಿಟ್ಟು ನೋಡುತ್ತೇನೆ, ನಾಲ್ಕೂ ಮೂಲೆ ಗಟ್ಟಿಯಾಗಿವೆ. ಜೋಳದ ಕಾಳಿನಷ್ಟು ಟಾಕಿ, ತುಸು ಓರೆ. ಯಾರಿಗೂ ಹೇಳದೆ ರಾತ್ರಿ ಕುಳಿತು ಹೊಲಿದಿದ್ದರು. ಅಂದು ನಾನು ಅತ್ತದ್ದು ಕೂಸಿಗಿಂತ ಹೆಚ್ಚು.

ಎರಡನೆಯ ಮೊಮ್ಮಗುವಿನ ಹೊತ್ತಿಗೆ, ಎಲ್ಲರನ್ನೂ ಕರೆದು, ಎಲ್ಲರೆದುರಿಗೆ ಅಕ್ಕನ ಕೈಗೆ ಸೂಜಿ ಕೊಟ್ಟೆ. “ಅಕ್ಕಾ, ಮೊದಲನೇ ಟಾಕಿ ನಿಮ್ಮದು” ಅಂದೆ. ಅವರ ಕೈ ನಡುಗಿತು, ಆದರೂ ಹಾಕಿದರು. ಸಂಬಂಧಿಕರೊಬ್ಬರು ಎದ್ದು ಹೋದರು, ಈಗಲೂ ನಮ್ಮ ಮನೆಗೆ ಬರುವುದಿಲ್ಲ. ಅದರ ನೋವು ನನಗಿದೆ. ಆದರೆ ಮೊದಲ ಸಲ ಸುಮ್ಮನಿದ್ದ ನೋವು ಇದಕ್ಕಿಂತ ದೊಡ್ಡದು. ನಾನು ತಂದಿರುವುದು ಅದೇ ಎರಡನೆಯ ಕೌದಿ. ಈ ಮೂಲೆ ಮುಟ್ಟಿ ನೋಡಿ.

ಶರಣ ಬಂಧುಗಳೆ, ಮೂರು ಬೇಡಿಕೆ ಇಟ್ಟು ಮಾತು ಮುಗಿಸುತ್ತೇನೆ. ಕುಬಸದ ಕೌದಿಗೆ, ತೊಟ್ಟಿಲ ಕೌದಿಗೆ ಮೊದಲ ಟಾಕಿ ಯಾರ ಕೈಯದೆಂದು ಕೇಳುವುದನ್ನು ಬಿಡಿ. ಗಂಡ ಇಲ್ಲದ ತಾಯಿಯನ್ನು ಕರೆದು ಕೂಡಿಸಿ. ಕೌದಿ ಹೊಲಿಯಲು ಬಂದವರಿಗೆ ಅವರ ದಿನದ ದುಡಿಮೆಗೆ ತಕ್ಕ ಕೂಲಿ ಕೊಡಿ, ಚಹಾ ನಿಮ್ಮದೇ ಕಪ್ಪಿನಲ್ಲಿ ಕೊಡಿ. ಕಾಯಕಕ್ಕೆ ಮೇಲು ಕೀಳಿಲ್ಲ ಎಂದ ಮೇಲೆ ಕೂಲಿಯಲ್ಲಿ ಮೋಸ ಸಲ್ಲದು. ಮೂರನೆಯದು, ಗಂಡುಮಕ್ಕಳ ಕೈಗೂ ಸೂಜಿ ಕೊಡಿ. ರಾಮಿತಂದೆ ಗಂಡಸೇ ಆಗಿದ್ದರು.

ಎಲ್ಲರ ಮನೆಯಲ್ಲೂ ಅಟ್ಟದ ಮೇಲೆ ಒಂದು ಗಂಟು ಹಳೆಯ ಸೀರೆ ಇದೆ. ಈ ಬೇಸಿಗೆಗೆ ಅದನ್ನು ಬಿಚ್ಚಿರಿ. ಯಾರನ್ನು ಬದಿಗೆ ಸರಿಸಿದ್ದೀರೋ ಅವರನ್ನು ಮೊದಲು ಕರೆಯಿರಿ.